ಮುಧೋಳವೋ ಕೋಲಿಯೋ

ಜನವರಿ 6, ಸೋಮವಾರ

ಕೆರೆ ಅಂಗಳದಲ್ಲಿ ಕುರಿ ಬಿಟ್ಟು ಜಾಲಿ ನೆರಳಲ್ಲಿ ಕೂತಿದೀನಿ. ಮೊಣಕಾಲು ನೋವು. ಮಾವ ಬಿದ್ದು ಸೊಂಟ ಮುರ್ಕೊಂಡಾಗಿಂದ ಕುರಿ ಹಿಂದೆ ನಾನೇ. ಬಿಡದಿ ಫ್ಯಾಕ್ಟರೀಲಿ ವೈರಿಂಗ್ ಲೈನ್ ಕೆಲಸ ಬಿಟ್ಟೆ. "ಒಂದೆರಡು ತಿಂಗಳು ಕಣಮ್ಮಿ" ಅಂದಿದ್ರು ಇವರು... ದಸರಾ ಹೋಯ್ತು, ದೀಪಾವಳಿ ಹೋಯ್ತು.

ಹಳೇ ನಾಯೀನ ಚಿರತೆ ಹೊತ್ಕೊಂಡು ಹೋದ್ಮೇಲೆ ಮನೇಲಿ ಒಂದೇ ಮಾತು — ಯಾವ ನಾಯಿ ತರೋದು. ಮಗಳು ನವ್ಯಂಗೆ ಮುಧೋಳ ಬೇಟೆನಾಯಿ ಬೇಕು. ಬೆಳಿಗ್ಗೆ ಅವಳು ಕೆರೆ ಏರಿ ಮೇಲೆ ಓಡೋವಾಗ ಬೀದಿನಾಯಿ ಅಟ್ಟಿಸ್ಕೊಂಡು ಬರ್ತವೆ. ಬೈಕ್ ಪುಂಡರು ಬೇರೆ. ಓಟದ ಡಿಸ್ಟ್ರಿಕ್ಟ್ ಮೀಟ್ ಹತ್ರ ಬಂತು. ಇವರಿಗೆ ಬಾರ್ಡರ್ ಕೋಲಿ, ಫಾರಿನ್ ಕುರಿನಾಯಿ. ಮೊಬೈಲಲ್ಲಿ ತೋರಿಸಿದ್ರು — ಹಸಿರು ಗುಡ್ಡ, ಒಂದೇ ನಾಯಿ ಇಡೀ ಮಂದೆ ತಿರುಗಿಸ್ತದೆ.

"ಶಿಳ್ಳೆ ಹೊಡುದ್ರೆ ಸಾಕು. ನಿಂಗೆ ಕೆಲ್ಸಾನೇ ಇರಕಿಲ್ಲ."

ಆಮೇಲೆ ಒಬ್ಬಳೇ ಆ ವಿಡಿಯೋ ಇನ್ನೊಂದು ಸಲ ನೋಡಿದೆ.

ಜನವರಿ 9, ಗುರುವಾರ

ನನ್ನ ಯಾರೂ ಕೇಳಿಲ್ಲ. ಕೇಳಿದ್ರೆ ಕೋಲಿ ಅಂತೀನಿ. ಕುರಿ ಅದು ನೋಡ್ಕೊಂಡ್ರೆ ನಾನು ಲೈನಿಗೆ ವಾಪಸ್. ಜೊತೇಲಿ ಕೆಲಸ ಮಾಡ್ತಿದ್ದ ನಿಖಾತ್ ಫೋನ್ ಮಾಡಿದ್ಲು — ಮತ್ತೆ ಜನ ತಗೋತಿದಾರಂತೆ. ಮಗಳ ಓಟಕ್ಕೂ ನನ್ನ ಕೆಲಸಕ್ಕೂ ನಾಯಿ ವಿಷಯದಲ್ಲಿ ಪೈಪೋಟಿ... ಥೂ.

ಜನವರಿ 19, ಭಾನುವಾರ

ಚನ್ನಪಟ್ಟಣಕ್ಕೆ ಹೋಗಿದ್ವಿ. ನಾಯಿ ಸಾಕೋ ತಾಜ್ ಪಾಷಾ ಒಳ್ಳೆಯವನು. "ಎರಡೂ ತಗೊಂಡೋಗಿ, ಮನೇಲಿ ಬಿಟ್ ನೋಡಿ. ಬೇಡದ್ದು ವಾಪಸ್ ತನ್ನಿ. ಆದ್ರೆ ಎರಡಕ್ಕೂ ಓಟ ಬೇಕಕ್ಕ, ಕಟ್ಟಾಕ್ಬುಟ್ರೆ ಹುಚ್ಚು ಹಿಡಿತದೆ."

ಎರಡೂ! ಅನ್ನ ಬೇಯಿಸೋಳು ನಾನೇ.

ಜನವರಿ 22, ಬುಧವಾರ

ಕೋಲಿ ಒಂದು ಗಳಿಗೆ ಕೂರಲ್ಲ. ಕೋಳಿ ಎಲ್ಲಾ ಒಂದು ಮೂಲೆಗೆ ಸೇರಿಸ್ತು. ಆಮೇಲೆ ಅತ್ತೇನ.

"ನನ್ನೇ ಕುರಿ ಅಂದ್ಕೊಂಡೈತಲ್ಲ ಮೂದೇವಿ!"

ಮಂಚದ ಮೇಲೆ ಮಾವ ನಕ್ಕರು. ಬಿದ್ದಾಗಿಂದ ನಕ್ಕಿದ್ದು ನೋಡಿರಲಿಲ್ಲ.

ಜನವರಿ 26, ಭಾನುವಾರ

ಕೋಲೀನ ಮಂದೆಗೆ ಕರ್ಕೊಂಡು ಹೋದೆ. ಬಗ್ಗಿ, ಕಣ್ಣಿಟ್ಟು ನೋಡಿದ್ರೆ ಸಾಕು, ಕುರಿ ಒತ್ತಾಗಿ ಸೇರ್ತವೆ. ಮೈ ಜುಮ್ ಅಂತು. ಸರಿ, ಇನ್ನು ನಿಶ್ಚಿಂತೆ ಅಂತ ಕೂತೆ. ಅದು ತಿರುಗಿ ನನ್ನೇ ನೋಡ್ತು — ಮುಂದೇನು ಅಂತ. ನಾನೇನೂ ಹೇಳಲಿಲ್ಲ. ಕುರೀನೆಲ್ಲಾ ಪಕ್ಕದವರ ಹಿಪ್ಪುನೇರಳೆ ತೋಟಕ್ಕೆ ಹೊಡೀತು.

ಓಡಿ ಓಡಿ ಸಾಕಾಯ್ತು. ಬೈಸ್ಕೊಂಡಿದ್ದು ಬೇರೆ. ನಾಯಿದು ತಪ್ಪಲ್ಲ. ಅದಕ್ಕೆ ಹೇಳೋರು ಒಬ್ಬರು ಜೊತೇಲೇ ಇರ್ಬೇಕು. ಇಡೀ ದಿನ.

ಜನವರಿ 30, ಗುರುವಾರ, ಬೆಳಿಗ್ಗೆ

ಏರಿ ಹತ್ರ ನಿಂತು ನೋಡಿದೆ. ನವ್ಯ ಪಕ್ಕದಲ್ಲೇ ಮುಧೋಳ, ಕಾಲು ನೆಲಕ್ಕೆ ತಾಗ್ತದೋ ಇಲ್ವೋ. ಬೀದಿನಾಯಿ ದೂರದಲ್ಲೇ ಬೊಗಳಿ ಸುಮ್ಮನಾದವು. ಒಂದು ಸಲಾನೂ ಹಿಂದೆ ತಿರುಗಿ ನೋಡದೆ ಓಡಿದ್ಲು.

ಕುರಿ ಬಿಡೋ ಹೊತ್ತು ಮೀರಿದ್ರೂ ಅಲ್ಲೇ ನಿಂತಿದ್ದೆ.

ಫೆಬ್ರವರಿ 2, ಭಾನುವಾರ

ಊಟಕ್ಕೆ ಕೂತಾಗ ನವ್ಯಾನೇ ಅಂದ್ಲು — "ಕೋಲೀನೇ ಇರ್ಲಿ ಬುಡಪ್ಪ. ಅಮ್ಮಂಗೆ ಅನ್ಕೂಲ." ತಟ್ಟೆಯಿಂದ ತಲೆ ಎತ್ತಲಿಲ್ಲ.

ಅದನ್ನ ನೋಡಿ ತಡ್ಕೊಳ್ಳೋಕಾಗ್ಲಿಲ್ಲ ನಂಗೆ.

"ಮುಧೋಳ ಇರ್ಲಿ," ಅಂದೆ.

"ಕುರಿ?" ಇವರು.

"ನೀವು ನಿಮ್ಮ ಫ್ಯಾಕ್ಟರೀಲಿ ಸೆಕೆಂಡ್ ಶಿಫ್ಟ್ ಕೇಳ್ಕೊಳ್ಳಿ. ಮಧ್ಯಾಹ್ನದ ತನಕ ಕುರಿ ನಿಮ್ದು. ನಾನು ಫಸ್ಟ್ ಶಿಫ್ಟ್ ಮುಗಿಸ್ಕೊಂಡು ಬಂದು ನೋಡ್ಕೋತೀನಿ."

"ಕೋಲಿ ಇದ್ರೆ ಇದೆಲ್ಲ ಯಾಕಮ್ಮಿ?"

"ಕೋಲಿ ಜೊತೇಗೂ ಒಬ್ರು ಇರ್ಬೇಕು. ಅದು ನಾನೇ ಆಗ್ಬೇಕು ಅಂತ ಎಲ್ಲೈತೆ?"

ಮಂಚದಿಂದ ಮಾವ, "ಅವ್ಳು ಹೇಳಾದು ಸರಿ ಕಣ್ಲಾ ಸಿದ್ದರಾಮು."

ಇವರು ಅರ್ಧಕ್ಕೇ ಕೈ ತೊಳ್ಕೊಂಡು ಎದ್ದು ಹೋದ್ರು.

ಫೆಬ್ರವರಿ 5, ಬುಧವಾರ

ಇವರು ಕೋಲೀನ ಚನ್ನಪಟ್ಟಣಕ್ಕೆ ವಾಪಸ್ ಬಿಟ್ಟು ಬಂದ್ರು. ಗೇಟ್ ತನಕ ಹಿಂದೇನೇ ಬಂತಂತೆ. ಅಷ್ಟೇ ಹೇಳಿದ್ದು. ನನಗೂ ಬೇಜಾರು. ಅನ್ನ ಬಡಿಸ್ದೆ, ಉಂಡ್ರು. ಶಿಫ್ಟ್ ವಿಷಯ ನಾನು ಕೇಳಲಿಲ್ಲ.

ಫೆಬ್ರವರಿ 10, ಸೋಮವಾರ, ಬೆಳಿಗ್ಗೆ

ಮತ್ತೆ ತಗೊಂಡ್ರು, ಇವತ್ತಿಂದ ಲೈನಿಗೆ; ಯೂನಿಫಾರ್ಮ್ ಸಡಿಲ ಆಗಿದೆ. ಇನ್ಮೇಲೆ ಅರ್ಧ ದಿನ ಲೈನು, ಅರ್ಧ ದಿನ ಕುರಿ — ಸುಸ್ತೇನೂ ಕಡಿಮೆ ಆಗಲ್ಲ, ಗೊತ್ತು. ಇವರು ಸೆಕೆಂಡ್ ಶಿಫ್ಟ್ ಮಾಡಿಸ್ಕೊಂಡವ್ರೆ; ಹಟ್ಟಿ ಬಾಗಿಲಲ್ಲಿ ಕೋಲು ಹಿಡ್ಕೊಂಡು ನಿಂತಿದ್ರು. ಈಗ ಒಳಗೆ ಬಂದು ಕೇಳಿದ್ರು, ಮುಖ ಆ ಕಡೆ ತಿರುಗಿಸ್ಕೊಂಡು — "ಯಾವ ಕಡೆ ಹೊಡ್ಕೊಂಡು ಹೋಗ್ಲಿ?"

ಕೆರೆ ಕೆಳಗೆ ಹೋಗಿ, ಅಲ್ಲಿ ಒಸಿ ಹುಲ್ಲು... ಹೇಳ್ಬೇಕು, ಅಷ್ಟರಲ್ಲಿ ಫ್ಯಾಕ್ಟರಿ ಬಸ್ಸಿನ ಹಾರನ್—