ಬಿಲ್ವಪತ್ರೆ ಇಟ್ಟ ಪುಟ

೩೦ ಜೂನ್ ೧೯೫೨, ಸಂಜೆ
ಮತ್ತೆ ಅದೇ ಪಾಠ. ಶಿವಕುಮಾರಿ ಅಕ್ಷರ ಅಕ್ಷರಕ್ಕೂ ಮುಗ್ಗರಿಸಿದಳು. ಹದಿನೈದು ತುಂಬಿದೆ, ಲೆಕ್ಕದಲ್ಲಿ ಇಡೀ ಕ್ಲಾಸಿಗೇ ಮುಂದು, ಪುಸ್ತಕ ಹಿಡಿದರೆ ಮಾತ್ರ ತೊದಲು. ಸ್ಟಾಫ್ ರೂಮಿನಲ್ಲಿ ಸರಸ್ವತಮ್ಮ, "ಕೋಣನ ಮುಂದೆ ಕಿನ್ನರಿ ಬಾರಿಸ್ತಿದೀರಲ್ಲ, ಆಂಡಾಳ್" ಎಂದರು. ಮೈಯೆಲ್ಲ ಉರಿಯಿತು. ಮೊದಲು ಇವರ ನಾಲಿಗೆಗೆ ಪಾಠ ಆಗಬೇಕು.

೩ ಜುಲೈ
ಅವಳ ಅಪ್ಪ ವೀರಭದ್ರಯ್ಯ ಬಂದಿದ್ದರು. ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿ. "ಓದಕ್ಕೇ ಬರದೋಳಿಗೆ ಸ್ಕೂಲ್ ಯಾಕೆ ಮಿಸ್? ಒಳ್ಳೆ ಕಡೆಯಿಂದ ಕೇಳ್ತಿದಾರೆ." ಬೇಡಿಕೊಂಡೆ. ಶ್ರಾವಣದ ಮೊದಲ ಸೋಮವಾರ ಅವರ ಮನೆಯಲ್ಲಿ ಪುರಾಣ ಓದುವ ಪದ್ಧತಿ. ಓದುತ್ತಿದ್ದ ತಾತನಿಗೆ ಈಗ ಕಣ್ಣು ಕಾಣದು. "ನೆಂಟರ ಮುಂದೆ ಅವಳು ತಡೀದೆ ಓದ್ಲಿ. ಎಸ್ಸೆಸ್ಸೆಲ್ಸಿವರೆಗೂ ಕಳಿಸ್ತೀನಿ."

೧೪ ಜುಲೈ
ಅದೇ ಪುರಾಣ ಸ್ಕೂಲ್ ಲೈಬ್ರರಿಯಲ್ಲಿ ಸಿಕ್ಕಿತು. ಮೊದಲ ಅಧ್ಯಾಯ ಹಿಡಿದಿದ್ದೇವೆ. ಮೊದಲು ನಾನು, ಆಮೇಲೆ ಇಬ್ಬರೂ ಜೊತೆಗೆ — ಸಾಲಿನ ಕೆಳಗೆ ನನ್ನ ಬೆರಳು — ಆಮೇಲೆ ಅವಳೊಬ್ಬಳೇ. ಇಂದು ಮೂರು ಸಾಲು ಒಂದೇ ಉಸಿರಿಗೆ! "ಮಿಸ್, ನಾನೇ ಓದಿದ್ನಾ?"

೨೫ ಜುಲೈ
ಅರಳು ಹುರಿದಂತೆ ಓದುತ್ತಾಳೆ. ಬೇರೆ ಪುಟ ತೆಗೆಸಿದೆ — ಮತ್ತೆ ತೊದಲು. ಬೇಡ, ಈಗ ಹೆದರಿಸಬಾರದು. ಪುರಾಣವನ್ನು ಮೊದಲಿನಿಂದಲ್ಲದೆ ಎಲ್ಲಿಂದ ಓದುತ್ತಾರೆ?

೨೯ ಜುಲೈ
ಕಳೆದ ವರ್ಷ ನಿಲ್ಲಿಸಿದಲ್ಲಿಂದ ಓದುತ್ತಾರೆ, ಅವರ ಮನೆಯಲ್ಲಿ. ತಾತ ಗುರುತಿಗಿಟ್ಟ ಒಣ ಬಿಲ್ವಪತ್ರೆ ಪುಸ್ತಕದ ನಡುವೆ ಇತ್ತಂತೆ. ಓದು ನಡೆಯುವಾಗ ಅಡುಗೆಮನೆಯಲ್ಲಿರುತ್ತಿದ್ದ ಹುಡುಗಿಗೆ ಹೇಗೆ ಗೊತ್ತಾಗಬೇಕು? ನಾನಾದರೂ ಒಂದು ಮಾತು ಕೇಳಬಾರದಿತ್ತೇ... ನಿನ್ನೆ ಆ ಪುಟದ ಮೊದಲ ಪದಕ್ಕೇ ನಿಂತಳಂತೆ. ಹೆದರಿ, ಬಾಯಿಪಾಠವಾಗಿದ್ದ ಮೊದಲ ಅಧ್ಯಾಯವನ್ನೇ ಒಪ್ಪಿಸತೊಡಗಿದಳಂತೆ. ನೆಂಟರು ನಕ್ಕರು. ಅಪ್ಪ ಪುಸ್ತಕ ಕಿತ್ತುಕೊಂಡರು. ಪಕ್ಕದ ಮನೆಯ ಮಹಾನಂದ ಕ್ಲಾಸಿನಲ್ಲಿ ಹೇಳಿದಳು. ಶಿವಕುಮಾರಿ ಬರಲಿಲ್ಲ. ತಪ್ಪು ನನ್ನದೇ.

೫ ನವೆಂಬರ್, ಸಂಜೆ
ಶಿವಕುಮಾರಿ ಮನೆಗೆ ಬಂದಿದ್ದಳು, ತಾಯಿಯ ಜೊತೆ. ಸುಲ್ತಾನ್‌ಪೇಟೆಯಲ್ಲಿ ಅಚ್ಚು ಹಾಕಿಸಿದ ಲಗ್ನಪತ್ರಿಕೆ, ಕುಂಕುಮದ ಭರಣಿ. ತಾಯಿ ನಮ್ಮಮ್ಮನನ್ನೂ ಮದುವೆಗೆ ಕರೆಯಲು ಒಳಗೆ ಹೋದರು. ಇವಳು ಕುರ್ಚಿಯ ಮೇಲಿದ್ದ ಇಂದಿನ ಪೇಪರ್ ಎತ್ತಿಕೊಂಡು ಓದಿದಳು. ಸರಾಗವಾಗಿ!

"ಸೀರೆ ಸುತ್ತೋ ಪೇಪರೆಲ್ಲ ಓದ್ದೆ ಮಿಸ್. ನೀವು ಹೇಳ್ಕೊಟ್ಟ ಹಾಗೇ, ಅದನ್ನೇ ಮತ್ತೆ ಮತ್ತೆ."

"ಅಪ್ಪಂಗೆ ಹೇಳ್ದ್ಯಾ?"

"ಓದಿ ತೋರಿಸ್ದೆ. ಗಂಡಿನೋರಿಗೆ ಮಾತು ಕೊಟ್ಟಾಯ್ತಲ್ಲಮ್ಮಾ ಅಂದ್ರು."

ಆಮೇಲೆ ಲಗ್ನಪತ್ರಿಕೆ ಬಿಡಿಸಿದಳು. ತಿಥಿ, ಮುಹೂರ್ತ, ‘ನಮ್ಮ ಜ್ಯೇಷ್ಠ ಪುತ್ರಿ’ — ಎಲ್ಲೂ ತಡೆಯಲಿಲ್ಲ. ಮುಂದಿನದು ಅವಳ ಹೆಸರು. ನಿಂತಳು. ಅಭ್ಯಾಸಬಲ, ಕೆಳಗೆ ಬೆರಳಿಟ್ಟೆ. ಇಬ್ಬರೂ ಜೊತೆಗೆ ಓದೋಣವೆಂದು ಬಾಯಿ ತೆರೆದರೆ, ನನಗೇ ‘ಶಿ’ ದಾಟಿ ಮುಂದೆ ಹೋಗಲಾಗಲಿಲ್ಲ.