ಐವತ್ತು ಎಂದು ಅಚ್ಚಾದ ಟ್ಯೂಬಿನ ಕುರಿತು

ಮಾನ್ಯ ಗುಣಮಟ್ಟ ಪರೀಕ್ಷಾಧಿಕಾರಿಗಳೇ,

ನಿಮ್ಮ ಕಚೇರಿ 'ಸರಿಯಿದೆ' ಎಂದು ಷರಾ ಬರೆದ ಸನ್‌ಸ್ಕ್ರೀನ್ ಹಚ್ಚಿಕೊಂಡು ನನ್ನ ಮಗಳ ಎರಡೂ ಭುಜ ಸುಟ್ಟಿವೆ. ಆ ಟ್ಯೂಬಿನ ಮೇಲೆ ಬಿಸಿಲು ತಡೆಯುವ ಅಳತೆಯಾಗಿ 'ಎಸ್‌ಪಿಎಫ್ 50' ಎಂದು ಅಚ್ಚು ಹಾಕಿದವನು ನಾನೇ. ಆದ್ದರಿಂದ ಈ ಪತ್ರದಲ್ಲಿ ಬೈಗುಳ ಇಬ್ಬರಿಗೂ ಇದೆ. ನಿಮ್ಮ ಪಾಲು ಸ್ವಲ್ಪ ಹೆಚ್ಚು.

ನನ್ನದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಕ್ರೀಮ್ ಕಾರ್ಖಾನೆಯ ಖಾಲಿ ಟ್ಯೂಬುಗಳಿಗೆ ಅಕ್ಷರ ಕೂರಿಸುವುದು ನಮ್ಮ ಕೆಲಸ. ಕಳೆದ ಸಲ ಅಲ್ಲಿನ ಮೇಲ್ವಿಚಾರಕ ತುಂಬಿದ ಹನ್ನೆರಡು ಟ್ಯೂಬು ಕೈಗಿಟ್ಟು, "ಮನೆಗೂ ಇರ್ಲಿ ಸಾರ್" ಎಂದ. ನನ್ನ ಮಗಳು ಬಯಲಿನ ಈಜುಕೊಳದಲ್ಲಿ ಪುಟ್ಟ ಮಕ್ಕಳಿಗೆ ಈಜು ಕಲಿಸುತ್ತಾಳೆ. ಅವಳ ಭುಜಗಳ ಮೇಲೆ ಬಣ್ಣ ಕಳೆದುಕೊಂಡ ಬಿಳಿ ಮಚ್ಚೆಗಳಿವೆ. ಆ ಚರ್ಮಕ್ಕೆ ಬಿಸಿಲು ತಾಳುವ ಶಕ್ತಿಯಿಲ್ಲ. ಚರ್ಮದ ವೈದ್ಯೆ ಬರೆದುಕೊಟ್ಟಿದ್ದ ಕ್ರೀಮು ಬಿಟ್ಟು ಇದನ್ನು ಹಚ್ಚು ಎಂದೆ.

"ಇದೂ ಅಷ್ಟೇ ಕೆಲಸ ಮಾಡುತ್ತಾ ಅಪ್ಪಾ?"

"ಐವತ್ತು ಅಂತ ನಾನೇ ಪ್ರಿಂಟ್ ಹಾಕಿದ್ದೀನಲ್ಲೇ!" ಎಂದು ಜಂಬ ಕೊಚ್ಚಿಕೊಂಡೆ.

ಅಚ್ಚಿಗೆ ಮುಂಚೆ ಅಂಕಿ ತಪ್ಪಿಲ್ಲವೆಂದು ಮೂರು ಸಲ ತಾಳೆ ನೋಡಿದ್ದೆ. ಅಂಕಿ ನಿಜವೇ ಎಂದು ಒಂದು ಸಲವೂ ಕೇಳಿರಲಿಲ್ಲ.

ಎರಡೇ ವಾರಕ್ಕೆ ಭುಜ ಕೆಂಪೇರಿ ಬೊಬ್ಬೆ ಎದ್ದವು. "ಸರಿಯಾಗಿ ಹಚ್ಚಿರಲ್ಲ ನೀನು" ಎಂದು ನಾನು ಅವಳನ್ನೇ ಗದರಿಸಿದೆ, ಪಾಪ. "ಎರಡು ಗಂಟೆಗೊಮ್ಮೆ ಹಚ್ಚಿದೀನಪ್ಪಾ, ನೀರಿಂದ ಎದ್ದಾಗೆಲ್ಲ ಹಚ್ಚಿದೀನಿ" ಎಂದು ಅತ್ತಳು. ವೈದ್ಯೆ ನೋಡಿ, "ಗಾಯ ವಾಸಿಯಾಗುತ್ತೆ. ಮಚ್ಚೆ ಹರಡೋಕೆ ಶುರುವಾಗಿದೆ, ಎಲ್ಲಿ ನಿಲ್ಲುತ್ತೋ ಹೇಳೋಕಾಗಲ್ಲ" ಎಂದರು. ಈಗ ಪ್ರತಿ ಬೆಳಿಗ್ಗೆ ನನ್ನ ಹೆಂಡತಿ ಮಗಳ ಕತ್ತಿನ ಅಂಚನ್ನು ನೋಡುತ್ತಾಳೆ. ಏನು ಕಂಡಿತೆಂದು ಕೇಳಲು ನನಗೆ ಧೈರ್ಯವಿಲ್ಲ.

ನಮ್ಮ ಕಸುಬಿನಲ್ಲಿ ಒಂದು ದ್ರಾವಣವಿದೆ. ಬಟ್ಟೆಯ ಪರದೆಗೆ ಅದನ್ನು ಬಳಿದು ಬಿಸಿಲಿಗಿಟ್ಟರೆ, ಬಿಸಿಲು ತಾಗಿದ ಜಾಗ ಗಟ್ಟಿಯಾಗುತ್ತದೆ. ತಾಗದ ಜಾಗ ನೀರಲ್ಲಿ ತೊಳೆದುಹೋಗುತ್ತದೆ. ಪರದೆಯ ಮೇಲೆ ಗಾಜಿಟ್ಟು, ಗಾಜಿನ ಅರ್ಧಕ್ಕೆ ವೈದ್ಯೆಯ ಕ್ರೀಮು, ಇನ್ನರ್ಧಕ್ಕೆ ನೀವು ಒಪ್ಪಿದ ಕ್ರೀಮು ಬಳಿದು ಬಿಸಿಲಿಗಿಟ್ಟೆ. ಮೊದಲನೆಯದರ ಅಡಿಯದ್ದು ತೊಳೆದುಹೋಯಿತು. ಎರಡನೆಯದರ ಅಡಿಯದ್ದು ಉಗುರಿನಿಂದ ಕೆರೆದರೂ ಬರಲಿಲ್ಲ. ಗಾಜಿಗೆ ಏನೂ ಬಳಿಯದಿದ್ದರೂ ಹಾಗೇ ಆಗುತ್ತಿತ್ತು ಸ್ವಾಮಿ! ನನ್ನ ಗಾಜು ಪ್ರಯೋಗಾಲಯವಲ್ಲ, ಒಪ್ಪುತ್ತೇನೆ. ನಿಮ್ಮಲ್ಲಿರುವ ಪ್ರಯೋಗಾಲಯದ ಬಾಗಿಲು ಕೊನೆಯ ಸಲ ತೆರೆದದ್ದು ಯಾವಾಗ?

ದೂರು ಹಿಡಿದು ಬಂದಾಗ ನಿಮ್ಮ ಗುಮಾಸ್ತರು ಟ್ಯೂಬನ್ನು ಹಿಂದೆಮುಂದೆ ತಿರುಗಿಸಿ, "ದಿನಾಂಕ ಇದೆ, ಐವತ್ತು ಅಂತಾನೂ ಇದೆ. ಇನ್ನೇನು ಬೇಕು?" ಎಂದರು.

"ಅದನ್ನ ಬರೆದಿದ್ದು ನಾನು ಕಣ್ರೀ!"

"ಚೆನ್ನಾಗಿ ಬರೆದಿದ್ದೀರಿ" ಎಂದವರೇ ದೂರಿನ ಮೇಲೆ 'ಸರಿಯಿದೆ' ಎಂದು ಷರಾ ಹಾಕಿ ಕಳಿಸಿದರು. ನಿಮ್ಮ ಇಲಾಖೆಯಲ್ಲಿ ಪರೀಕ್ಷೆ ಎಂದರೆ ಓದುವುದು ಎಂದು ಅಂದೇ ತಿಳಿಯಿತು.

ಮೊನ್ನೆ ಆ ಮೇಲ್ವಿಚಾರಕ ಮತ್ತೆ ಬಂದಿದ್ದ. ಮಕ್ಕಳ ಟ್ಯೂಬು, ಹಳದಿ ಬಣ್ಣ, ಬಾತುಕೋಳಿಯ ಚಿತ್ರ, ಅಂಕಿ ಎಪ್ಪತ್ತು. ಒಳಗಿನ ಮಾಲು ಬೇರೆಯಾ ಎಂದು ಕೇಳಿದೆ. "ಮಾಲು ಅದೇ ಸಾರ್, ಬಾತುಕೋಳಿ ಹೊಸದು" ಎಂದು ನಕ್ಕ. ನಾನು ಆಗದು ಎಂದೆ. ಬೇಸರವನ್ನೂ ಮಾಡಿಕೊಳ್ಳದೆ ಎದುರಿನ ಅಂಗಡಿಗೆ ಹೋದ. ಇದನ್ನು ಬರೆಯುತ್ತಿರುವಾಗ ಅಲ್ಲಿ ಹಳದಿ ಟ್ಯೂಬುಗಳು ಸಾಲಾಗಿ ಒಣಗುತ್ತಿವೆ. ರಜೆಯ ಈಜು ಶಿಬಿರಕ್ಕೆ ಸೇರುವ ಪ್ರತಿ ಮಗುವಿಗೂ ಒಂದು ಉಚಿತವಂತೆ.

ನಾನು ಕೇಳುವುದಿಷ್ಟು: ಆ ಟ್ಯೂಬುಗಳನ್ನು ತಡೆಯಿರಿ, ಒಳಗಿನದನ್ನು ಪರೀಕ್ಷಿಸಿ, ಫಲಿತಾಂಶವನ್ನು ಊರಿಗೆಲ್ಲ ಕಾಣುವಂತೆ ಪ್ರಕಟಿಸಿ. ಶನಿವಾರದೊಳಗೆ ಆಗಬೇಕು. ಸೋಮವಾರ ಒಂಬತ್ತಕ್ಕೆ ಮಕ್ಕಳು ನೀರಿಗೆ ಇಳಿಯುತ್ತಾರೆ. ನಿಮ್ಮ ಕಚೇರಿ ತೆರೆಯುವುದು ಹತ್ತೂವರೆಗೆ.

ಇಂತಿ,
ನಿಮಗಿಂತ ಮೊದಲು ತನ್ನನ್ನೇ ದೂರಿಕೊಂಡ
ಒಬ್ಬ ಅಪ್ಪ