ಏಳು ಸೇರಿದರೆ

ಮೇಡಂ ಅವರಿಗೆ, ಪ್ರಯೋಗಾಲಯದ ಬಾಟಲಿ ತೊಳೆಯುವ ಹೆಂಗಸರ ನಮಸ್ಕಾರ.

ಮೊನ್ನೆ ಒಂದು ಬಾಟಲಿ ಒಡೆದದ್ದಕ್ಕೆ ನಿಮ್ಮ ತಮ್ಮ, ಅಂದರೆ ನಮ್ಮ ಮೇಲ್ವಿಚಾರಕರು, ನಮ್ಮ ಚಿಕ್ಕವಳ ಕೈಯನ್ನು ಕುದಿಯುವ ನೀರಿಗೆ ಅದ್ದಿದರು. ದೂರು ಹೇಳಿದರೆ ನೀವು, "ಸ್ವಲ್ಪ ಹೊಂದಿಕೊಂಡು ಹೋಗ್ರಮ್ಮ" ಅಂತ ಬಾಯಿ ಮುಚ್ಚಿಸಿದಿರಿ.

ಬ್ಯಾಕ್ಟೀರಿಯಾದ ವಿಷದ ಪ್ರೋಟೀನ್ ಬಗ್ಗೆ ನೀವು ಮಾಡುವ ಪಾಠ ತೊಟ್ಟಿಯ ಹತ್ತಿರ ನಮಗೂ ಕೇಳಿಸುತ್ತದೆ. ಒಂದೊಂದೇ ಇದ್ದರೆ ಅದರ ಕೈಲಿ ಏನೂ ಆಗದು. ಏಳು ಸೇರಿ ಉಂಗುರ ಕಟ್ಟಿದರೆ ಜೀವಕೋಶದ ಪೊರೆಗೆ ತೂತು ಬೀಳುತ್ತದೆ.

ನಾವೂ ಏಳು ಜನ. ಇವತ್ತು ಬೆಳಿಗ್ಗೆ ನಿಮ್ಮ ತಮ್ಮನ ಸುತ್ತ ನಿಂತೆವು.

ಅವರನ್ನು ಆಸ್ಪತ್ರೆಗೂ ನಾವೇ ಸೇರಿಸಿದ್ದೇವೆ. ಉದುರಿದ ನಾಲ್ಕು ಹಲ್ಲುಗಳನ್ನು ನಿಮ್ಮ ಪದ್ಧತಿಯಂತೆ ಚೀಟಿ ಅಂಟಿಸಿ ಮಂಜುಗಡ್ಡೆಯಲ್ಲಿಟ್ಟಿದ್ದೇವೆ. ದಯವಿಟ್ಟು ತೆಗೆದುಕೊಂಡು ಹೋಗಿ.

ಇಂತಿ,
ಆರು ಜನರ ಸಹಿ. ಏಳನೆಯವಳ ಬಲಗೈಗೆ ಬ್ಯಾಂಡೇಜು ಕಟ್ಟಿದೆ. ಕಾಲುಗಳು ಗಟ್ಟಿಯಾಗಿವೆ.